ಮೋಟಾರಿನಲ್ಲಿ ಆಕಾಶವಾಣಿಯೂ ಮಾರ್ಗವಾಣಿಯೂ

ಭಾಗವತದ ದಶಮಸ್ಕಂಧದ ಆರಂಭದಲ್ಲಿ ಕಂಸನು ನವವಧುವಾದ ದೇವಕಿಯನ್ನೂ ಆಕೆಯ ಪತಿ ವಸುದೇವನನ್ನೂ ರಥದಲ್ಲಿ ಕುಳ್ಳಿರಿಸಿ, ತಂಗಿಯ ಮೇಲಣ ಪ್ರೀತಿಯಿಂದ ತಾನೇ ಕಡಿವಾಣವನ್ನು ಹಿಡಿದು ನಡೆಸಿದ ಸಂದರ್ಭವು ಬರುತ್ತದೆ. ಶಂಖ ಮೃದಂಗ ದುಂದುಭಿಗಳು ಮೊಳಗುತ್ತಿದ್ದ ಆ ದಿಬ್ಬಣದ ದಾರಿಯಲ್ಲಿ ಅಶರೀರವಾಣಿಯೊಂದು ಸಾರಥಿಯನ್ನೇ ಸಂಬೋಧಿಸಿ ನುಡಿಯಿತು. ನುಡಿದೊಡನೆಯೇ ಅವನು ಖಡ್ಗವನ್ನು ಹಿಡಿದು ತಂಗಿಯ ಮುಡಿಗೆ ಕೈಯಿಕ್ಕಿದನು. ಈ ವಾಣಿಗೆ ಎರಡು ಲಕ್ಷಣಗಳುಂಟು. ಅದು ಒಬ್ಬನನ್ನೇ ಉದ್ದೇಶಿಸಿ ಆಡಿದ ಮಾತು. ಮತ್ತು ಮಂಗಳವಾದ್ಯಗಳ ಘೋಷವನ್ನು ಮೀರಿ ಅವನ ಕಿವಿಯನ್ನು ಮುಟ್ಟಬಲ್ಲ ಮಾತು.

೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಸ್ಥಾಪಿಸಿದಾಗ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಿತು. ಮುಂದೆ ಇಡೀ ದೇಶದ ಪ್ರಸಾರಸಂಸ್ಥೆಯೂ ಅದೇ ಹೆಸರನ್ನು ತಾಳಿತು. ಹೆಸರು ಪುರಾಣದ್ದಾದರೂ ವಸ್ತುವು ಪುರಾಣದ್ದಲ್ಲ. ಪುರಾಣದ ವಾಣಿ ಒಬ್ಬನಿಗೆ ಆಡಿದುದು, ಬಾನುಲಿಯ ವಾಣಿ ಎಲ್ಲರಿಗೂ ಆಡುವುದು. ಪ್ರಕೃತ ಮೋಟಾರು ನಡೆಸುವವರ ಫೋನಿನೊಳಗಿನಿಂದ “ಇನ್ನೂರು ಮೀಟರಿನ ಅನಂತರ ಎಡಕ್ಕೆ ತಿರುಗಿ” ಎಂದು ಹೇಳುವ ಧ್ವನಿಯೇ, ಲಕ್ಷಣದ ದೃಷ್ಟಿಯಿಂದ ನೋಡಿದರೆ, ಕಂಸನು ಕೇಳಿದ ವಾಣಿಗೆ ಹೆಚ್ಚು ಹತ್ತಿರವಾದುದು. ಅದನ್ನು ಈ ಪ್ರಬಂಧದಲ್ಲಿ ‘ಮಾರ್ಗವಾಣಿ’ ಎಂದು ಕರೆಯಲಾಗಿದೆ.

ಈ ಎರಡು ವಾಣಿಗಳಿಗೂ ಇಂದಿನ ಮೋಟಾರಿನಲ್ಲಿ ಇರುವ ಬಾಯಿ ಒಂದೇ. ಚಾಲಕನ ಮುಂದಣ ಫಲಕದಲ್ಲಿ ಬಾನುಲಿ, ಸಂಗೀತ, ದೂರವಾಣಿ, ನಕ್ಷೆ ಇವೆಲ್ಲವನ್ನೂ ಒಟ್ಟುಗೂಡಿಸಿರುವ ಯಂತ್ರಕ್ಕೆ ಇನ್ಫೋಟೈನ್‌ಮೆಂಟ್ ಎಂಬ ಸಂಕರಪದವನ್ನು ತಯಾರಕರು ಬಳಸುತ್ತಾರೆ. ಅದರ ಧ್ವನಿವರ್ಧಕಗಳೇ ಎಲ್ಲ ಮಾತಿಗೂ ಹೊರದಾರಿ. ಬಾನುಲಿಯಲ್ಲಿ ವಾರ್ತೆ ನಡೆಯುತ್ತಿರುವಾಗ ಮಾರ್ಗವಾಣಿಯು ಮಾತನಾಡಬೇಕಾದರೆ ಯಾರು ಯಾರಿಗೆ ಎಡೆಗೊಡಬೇಕು? ಇದು ಕೇವಲ ಗುಂಡಿಗಳ ಪ್ರಶ್ನೆಯೆಂದು ತೋರಬಹುದು. ಆದರೆ ಇದರ ಪೂರ್ವೋತ್ತರವನ್ನು ಪರಿಶೀಲಿಸಿದರೆ, ನಡುವೆ ಬಾಯಿಹಾಕುವ ಅಧಿಕಾರವು ಸಾರ್ವಜನಿಕ ಪ್ರಸಾರದ ಕೈಯಿಂದ ಖಾಸಗಿ ಯಂತ್ರದ ಕೈಗೆ ಹೋದ ಒಂದು ಚರಿತ್ರೆಯು ಗೋಚರವಾಗುತ್ತದೆ. ಆ ಹಸ್ತಾಂತರವು ಯಾವ ಶಾಸನದಿಂದಲೂ ಆದುದಲ್ಲ. ಬಹುಮಟ್ಟಿಗೆ ವೇಷಾಂತರದಿಂದ ಆದುದು.

ಮೋಟಾರಿಗೆ ಬಾನುಲಿಯು ಸೇರಿದ ಕಥೆ ಪ್ರಸಿದ್ಧವಾದುದು. ಷಿಕಾಗೋ ನಗರದ ಪಾಲ್ ಗ್ಯಾಲ್ವಿನ್ ಎಂಬವರ ಕಾರ್ಖಾನೆಯು ೧೯೩೦ರಲ್ಲಿ ಮೋಟಾರಿಗೆ ಹೊಂದುವ ಬಾನುಲಿಯನ್ನು ಸಿದ್ಧಪಡಿಸಿತು. ಅದೇ ವರ್ಷ ಅಟ್ಲಾಂಟಿಕ್ ಸಿಟಿಯಲ್ಲಿ ಬಾನುಲಿ ತಯಾರಕರ ಸಮ್ಮೇಳನವು ನಡೆದಾಗ ಅಂಗಡಿಯಿಡಲು ಹಣವಿಲ್ಲದ ಗ್ಯಾಲ್ವಿನ್ನರು ತಮ್ಮ ಮೋಟಾರನ್ನು ಹೊರಗೆ ನಿಲ್ಲಿಸಿ ಬಾನುಲಿಯನ್ನು ಗಟ್ಟಿಯಾಗಿ ನುಡಿಸಿದರೆಂದು ಹೇಳುವುದುಂಟು. ಮೋಟಾರು ಎಂಬ ಮಾತಿಗೆ ಆಗಿನ ಗ್ರಾಮಫೋನುಗಳ ಹೆಸರಿನ ಕೊನೆಯ ಅಕ್ಷರಗಳನ್ನು ಅಂಟಿಸಿ ಅದಕ್ಕೆ ‘ಮೋಟೊರೋಲಾ’ ಎಂದು ಹೆಸರಿಟ್ಟರು. ೧೯೪೭ರಲ್ಲಿ ಆ ಸಂಸ್ಥೆಯೇ ಆ ಹೆಸರನ್ನು ಧರಿಸಿತು. ಈ ಹೆಸರು ಮುಂದೆ ಮತ್ತೊಮ್ಮೆ ಬರತಕ್ಕದ್ದಾದುದರಿಂದ ವಾಚಕರು ನೆನಪಿನಲ್ಲಿಟ್ಟಿರುವುದು ಒಳ್ಳೆಯದು. ಜರ್ಮನಿಯಲ್ಲಿ ೧೯೩೨ರಲ್ಲಿ ಬಂದ ಬ್ಲೌಪುಂಕ್ಟ್ ಯಂತ್ರವು ಸುಮಾರು ೧೫ ಕಿಲೋಗ್ರಾಂ ತೂಗುತ್ತಿತ್ತು. ಚಾಲಕನ ಮುಂದೆ ಅದಕ್ಕೆ ಸ್ಥಳವಿಲ್ಲದ್ದರಿಂದ ಬೇರೆಡೆ ಇಟ್ಟು, ಚುಕ್ಕಾಣಿಯ ದಂಡಕ್ಕೆ ಕಟ್ಟಿದ ಸಣ್ಣ ಸಾಧನದಿಂದ ನಡೆಸಬೇಕಾಗಿತ್ತು. ಬಾನುಲಿಯಿಂದ ಚಾಲಕನ ಗಮನವು ಚದುರೀತೆಂಬ ಆಕ್ಷೇಪವು ಆಗಲೇ ಹುಟ್ಟಿ, ಅಮೆರಿಕದ ಕೆಲವೆಡೆ ಅದನ್ನು ನಿಷೇಧಿಸಬೇಕೆಂಬ ಸೂಚನೆಗಳೂ ಬಂದವು. ಆದರೆ ಅಂದಿನ ಬಾನುಲಿಗೆ ಮೋಟಾರಿನೊಳಗೆ ಪ್ರತಿಸ್ಪರ್ಧಿಯಿರಲಿಲ್ಲ. ಅದು ಮಾತನಾಡುವಷ್ಟು ಹೊತ್ತೂ ಮಾತನಾಡುತ್ತಿತ್ತು.

ದಾರಿ ತೋರಿಸುವ ಯಂತ್ರಗಳು ಅಷ್ಟು ಹೊತ್ತಿಗೆ ಇರಲಿಲ್ಲವೆಂದಲ್ಲ. ೧೯೦೯ರಷ್ಟು ಹಿಂದೆಯೇ ನ್ಯೂಯಾರ್ಕಿನಲ್ಲಿ ಜೋನ್ಸ್ ಎಂಬವರ ‘ಲೈವ್ ಮ್ಯಾಪ್’ ಎಂಬ ಸಾಧನವು ಮಾರಾಟಕ್ಕೆ ಬಂದಿತು. ಗಾಲಿಗೆ ತಂತಿಯಿಂದ ಜೋಡಿಸಿದ ಒಂದು ಬಿಲ್ಲೆಯು ಗಾಡಿ ಸಾಗಿದಂತೆ ತಿರುಗಿ, ಅದರ ಅಂಚಿನಲ್ಲಿ ಬರೆದಿದ್ದ ಸೂಚನೆಗಳನ್ನು ಒಂದೊಂದಾಗಿ ಮುಂದೆ ತರುತ್ತಿತ್ತು. ೧೯೮೧ರಲ್ಲಿ ಹೋಂಡಾ ಕಂಪನಿಯವರು ಹೀಲಿಯಂ ಅನಿಲದಿಂದ ನಡೆಯುವ ದಿಕ್ಸೂಚಿಯನ್ನು ಪಾರದರ್ಶಕ ನಕ್ಷೆಗಳೊಡನೆ ಕೂಡಿಸಿದರು. ೧೯೮೫ರಲ್ಲಿ ಕ್ಯಾಲಿಫೋರ್ನಿಯದ ಈಟ್ಯಾಕ್ ಸಂಸ್ಥೆಯು ನಕ್ಷೆಗಳನ್ನು ಕ್ಯಾಸೆಟ್ ಸುರುಳಿಯಲ್ಲಿ ತುಂಬಿ ಕೊಟ್ಟಿತು. ಇವೆಲ್ಲವೂ ಮೂಕ ಮಾರ್ಗದರ್ಶಿಗಳು. ಕಣ್ಣಿಗೆ ತೋರಿಸುವುವೇ ಹೊರತು ಕಿವಿಗೆ ಹೇಳುತ್ತಿರಲಿಲ್ಲವಾದುದರಿಂದ ಬಾನುಲಿಯೊಡನೆ ಇವಕ್ಕೆ ಕಲಹವೇನೂ ಇರಲಿಲ್ಲ.

ನಡುವೆ ಬಾಯಿಹಾಕುವ ವಿದ್ಯೆಯು ಮೊದಲು ಹುಟ್ಟಿದುದು ಬಾನುಲಿಯಲ್ಲಿಯೇ ಎಂಬುದು ಈ ಚರಿತ್ರೆಯ ಮುಖ್ಯ ಸಂಗತಿ. ೧೯೭೪ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ‘ಆರಿ’ ಎಂಬ ಸಂಕ್ಷಿಪ್ತನಾಮದ ಪದ್ಧತಿಯು ಆಚರಣೆಗೆ ಬಂದಿತು. ಬ್ಲೌಪುಂಕ್ಟ್ ಕಂಪನಿಯೂ ಅಲ್ಲಿನ ಪ್ರಸಾರಸಂಸ್ಥೆಗಳ ಸಂಶೋಧನಾಲಯವೂ ಕೂಡಿ ರಚಿಸಿದ ಈ ಪದ್ಧತಿಯಲ್ಲಿ, ರಸ್ತೆಯ ಸಮಾಚಾರವನ್ನು ಕೊಡುವ ಕೇಂದ್ರಗಳು ತಮ್ಮ ಎಫ್.ಎಂ. ಪ್ರಸಾರದೊಡನೆ ಕಿವಿಗೆ ಕೇಳಿಸದ ೫೭ ಕಿಲೋಹರ್ಟ್ಸಿನ ಒಂದು ಉಪತರಂಗವನ್ನು ಕಳುಹಿಸುತ್ತಿದ್ದುವು. ಆ ಉಪತರಂಗವು ಇದೆಯೆಂಬುದರಿಂದಲೇ ಮೋಟಾರಿನ ಬಾನುಲಿಯು ‘ಇದು ದಾರಿಯ ಸುದ್ದಿಯನ್ನು ಕೊಡುವ ಕೇಂದ್ರ’ ಎಂದು ಗುರುತಿಸುತ್ತಿತ್ತು. ಅದರ ಮೇಲೆ ಹೇರಿದ ಒಂದು ಗುರುತು ಪ್ರಾಂತವನ್ನು ತಿಳಿಸುತ್ತಿತ್ತು. ಮತ್ತೊಂದು ಗುರುತು ಎಲ್ಲಕ್ಕಿಂತ ಸ್ವಾರಸ್ಯವಾದುದು: ಕೇಂದ್ರದಲ್ಲಿ ಸಮಾಚಾರವನ್ನು ಓದುವಷ್ಟು ಹೊತ್ತು ಅದು ಚಾಲನೆಯಲ್ಲಿರುತ್ತಿತ್ತು, ಅದನ್ನು ಕಂಡೊಡನೆ ಮೋಟಾರಿನಲ್ಲಿ ನುಡಿಯುತ್ತಿದ್ದ ಕ್ಯಾಸೆಟ್ ನಿಂತು, ಧ್ವನಿ ತಗ್ಗಿಸಿದ್ದರೆ ತಾನಾಗಿಯೇ ಏರಿ, ‘ಮುಂದಿನ ಹೆದ್ದಾರಿಯಲ್ಲಿ ಇಂತಿಷ್ಟು ಕಿಲೋಮೀಟರ್ ವಾಹನಗಳು ನಿಂತಿವೆ’ ಎಂಬ ಮಾತು ಹೊರಡುತ್ತಿತ್ತು. ಓದುವುದು ಮುಗಿದ ಬಳಿಕ ಸಂಗೀತವು ಬಿಟ್ಟ ಕಡೆಯಿಂದ ಮುಂದುವರಿಯುವುದು.

ಇಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಬಾಯಿಹಾಕುವವನು ಕೇಂದ್ರದಲ್ಲಿ ಕುಳಿತ ಒಬ್ಬ ಮನುಷ್ಯನು. ಅವನು ಹೇಳುವ ಮಾತು ಆ ಪ್ರಾಂತದ ಎಲ್ಲ ಚಾಲಕರಿಗೂ ಸಮಾನವಾದುದು. ತಡೆಯಲ್ಪಡುವುದಾದರೋ ಕೇಳುಗನ ಖಾಸಗಿ ಸಂಗೀತ. ಸಾರ್ವಜನಿಕವಾದುದು ಖಾಸಗಿಯಾದುದನ್ನು ತಡೆಯುತ್ತಿತ್ತು. ಮುಂದಿನ ಮೂವತ್ತು ವರ್ಷಗಳಲ್ಲಿ ಈ ಸಂಬಂಧವು ತಲೆಕೆಳಗಾದ ಬಗೆಯನ್ನು ನೋಡುವಾಗ ಇವನ್ನು ಮರೆಯಲಾಗದು.

ಯೂರೋಪಿನ ಪ್ರಸಾರಸಂಸ್ಥೆಗಳ ಒಕ್ಕೂಟವು ೧೯೮೪ರಲ್ಲಿ ‘ಆರ್.ಡಿ.ಎಸ್.’ ಎಂಬ ವಿಸ್ತಾರವಾದ ಪದ್ಧತಿಯ ಲಕ್ಷಣಗಳನ್ನು ಪ್ರಕಟಿಸಿತು. ಅದೇ ೫೭ ಕಿಲೋಹರ್ಟ್ಸಿನ ಮೇಲೆ, ಹಳೆಯ ಆರಿ ಪದ್ಧತಿಗೆ ತೊಡಕಾಗದಂತೆ, ಕ್ಷಣಕ್ಕೆ ೧೧೮೭.೫ ಅಂಶಗಳ ವೇಗದಲ್ಲಿ ಕೇಂದ್ರದ ಹೆಸರು ಮೊದಲಾದ ಅಕ್ಷರರೂಪದ ವಿಷಯಗಳನ್ನು ಕಳುಹಿಸುವುದು ಇದರ ಕ್ರಮ. ರಸ್ತೆಯ ಸಮಾಚಾರಕ್ಕೆ ಸಂಗೀತವನ್ನು ತಡೆಯುವ ಅಧಿಕಾರವು ಇದರಲ್ಲಿಯೂ ಉಳಿಯಿತು. ಆರಿಯನ್ನು ಜರ್ಮನಿಯಲ್ಲಿ ೨೦೦೫ರಲ್ಲಿ ನಿಲ್ಲಿಸಲಾಯಿತು. ಆದರೆ ಆರ್.ಡಿ.ಎಸ್.ನೊಳಗೆ ಒಂದು ಹೊಸ ಶಾಖೆಯು ಹುಟ್ಟಿ, ಬಾನುಲಿಯ ಮಾತನ್ನು ಬಾನುಲಿಯಿಂದಲೇ ಕಸಿಯಿತು. ದಾರಿಯ ಸಮಾಚಾರವನ್ನು ಮಾತಿನಲ್ಲಿ ಓದದೆ ಸಂಖ್ಯೆಯ ಸಂಕೇತದಲ್ಲಿ ಮೂಕವಾಗಿ ಕಳುಹಿಸುವುದು ಇದರ ರೀತಿ. ಘಟನೆಗೆ ೨೦೪೮ ಸಂಕೇತಗಳಿಗೆ ಅವಕಾಶವಿದ್ದು, ಸ್ಥಳಕ್ಕೆ ಬೇರೆ ಸಂಖ್ಯೆಗಳಿದ್ದುವು. ಜರ್ಮನಿಯಲ್ಲಿ ೧೯೯೭ರಿಂದ ನಡೆದ ಈ ಸೇವೆಯನ್ನು ಕೇಳುವವರು ಮನುಷ್ಯರಲ್ಲ, ಮಾರ್ಗದರ್ಶಕ ಯಂತ್ರಗಳು. ಯಂತ್ರವು ಸಂಕೇತವನ್ನು ಓದಿ, ಚಾಲಕನ ಭಾಷೆಗೆ ತಿರುಗಿಸಿ, ಅವನ ದಾರಿಗೆ ಬೇಕಾದುದನ್ನು ಮಾತ್ರ ಆರಿಸಿ, ಬೇಕಾದರೆ ದಾರಿಯನ್ನೇ ಬದಲಾಯಿಸುತ್ತಿತ್ತು. ಪ್ರಸಾರವು ಎಂದಿನಂತೆ ಎಲ್ಲರಿಗೂ ಹೋಗುತ್ತಿದ್ದರೂ ಮಾತು ಮಾತ್ರ ಒಬ್ಬೊಬ್ಬರಿಗೂ ಬೇರೆಯಾಯಿತು.

ಯಂತ್ರಕ್ಕೆ ಮಾತು ಬಂದುದು ಇದಕ್ಕಿಂತ ಸ್ವಲ್ಪ ಮೊದಲು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಜೇಮ್ಸ್ ಡೇವಿಸ್ ಎಂಬ ವಿದ್ಯಾರ್ಥಿಯು ಕ್ರಿಸ್ ಶ್ಮಾಂಟ್‌ರೊಡನೆ ನಡೆಸಿದ ‘ಬ್ಯಾಕ್ ಸೀಟ್ ಡ್ರೈವರ್’ ಎಂಬ ಪ್ರಯೋಗವು ೧೯೮೯ರಲ್ಲಿ ಪ್ರಬಂಧರೂಪವನ್ನು ಪಡೆಯಿತು. ಹೆಸರಿನಲ್ಲಿಯೇ ಪರಿಹಾಸವಿದೆ: ಹಿಂದೆ ಕುಳಿತು ಚಾಲಕನಿಗೆ ಬುದ್ಧಿ ಹೇಳುವವರನ್ನು ಅಲ್ಲಿ ಹಾಗೆ ಕರೆಯುವರು. ಗಣಕಯಂತ್ರವು ಪ್ರಯೋಗಾಲಯದಲ್ಲಿಯೇ ಇರುತ್ತಿತ್ತು. ಮೋಟಾರು ತಾನಿರುವ ಸ್ಥಳವನ್ನು ಮೊಬೈಲ್ ದೂರವಾಣಿಯ ಮೂಲಕ ತಿಳಿಸಲು, ಕೃತಕಧ್ವನಿಯು ಬಾಸ್ಟನ್ ಪ್ರದೇಶದ ಬೀದಿಗಳ ತಿರುವುಗಳನ್ನು ಹೇಳುತ್ತಿತ್ತು. ಕಣ್ಣು ರಸ್ತೆಯ ಮೇಲಿರಬೇಕಾದುದರಿಂದ ನಕ್ಷೆಗಿಂತ ಮಾತೇ ಮೇಲೆಂಬುದು ಪ್ರಯೋಗದ ಮೂಲತತ್ತ್ವ. ಮಾತಿಗಾದರೋ ನಕ್ಷೆಗಿಲ್ಲದ ಒಂದು ದೌರ್ಬಲ್ಯವಿದೆ. ಆಡಿದ ಮೇಲೆ ಅದು ಉಳಿಯುವುದಿಲ್ಲ. ನಕ್ಷೆಯನ್ನು ಮತ್ತೊಮ್ಮೆ ನೋಡಬಹುದು. ತಿರುವಿನ ಮಾತು ಕೇಳದೆ ಹೋದರೆ ತಿರುವೇ ತಪ್ಪಿತು. ಹೀಗಾಗಿ ಮಾತನಾಡುವ ಮಾರ್ಗದರ್ಶಿಯು ತಕ್ಕ ಕ್ಷಣದಲ್ಲಿ, ಬೇರೆ ಸದ್ದು ಏನೇ ಇದ್ದರೂ ಕೇಳಿಸಲೇಬೇಕು. ಬಾನುಲಿಯೊಡನೆ ಅದರ ಘರ್ಷಣೆಯು ಅಂದೇ ನಿಶ್ಚಿತವಾಯಿತೆನ್ನಬಹುದು.

ಟೊಯೊಟಾ ಕಂಪನಿಯು ೧೯೯೨ರಲ್ಲಿ ತನ್ನ ಸೆಲ್ಸಿಯರ್ ಗಾಡಿಯಲ್ಲಿ ಮಾರ್ಗವಾಣಿಯನ್ನು ಅಳವಡಿಸಿತು. ಗಾಡಿಯೊಡನೆಯೇ ಬರುವ ಇಂಥ ಯಂತ್ರಗಳಲ್ಲಿ ಬಾನುಲಿಯೂ ಮಾರ್ಗವಾಣಿಯೂ ಒಬ್ಬನೇ ತಯಾರಕನ ಮಕ್ಕಳಾದುದರಿಂದ ಅವುಗಳ ಜಗಳವನ್ನು ಮನೆಯೊಳಗೆ ತೀರಿಸಬಹುದಾಗಿತ್ತು. ೨೦೦೦ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರವು ತನ್ನ ಜಿ.ಪಿ.ಎಸ್. ಉಪಗ್ರಹಗಳ ಸಂಜ್ಞೆಗೆ ಬುದ್ಧಿಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿದ ಮೇಲೆ ಅಗ್ಗದ ಯಂತ್ರಕ್ಕೂ ಬೀದಿಯನ್ನು ಗುರುತಿಸುವ ಶಕ್ತಿಯುಂಟಾಯಿತು. ೨೦೪ ವರ್ಷಗಳ ಹಿಂದಿನ ನಾವಿಕರಿಗೆ ಊಹೆಗೂ ನಿಲುಕದ ಈ ಸೌಕರ್ಯವೂ ಮೂಲತಃ ಬಾನುಲಿಯೇ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಿಂದ ಆ ಉಪಗ್ರಹಗಳು ಕೇಳುವವರು ಯಾರೆಂದು ತಿಳಿಯದೆಯೇ ಲೋಕಕ್ಕೆಲ್ಲ ಒಂದೇ ಸಂಜ್ಞೆಯನ್ನು ಸಾರುತ್ತಿರುತ್ತವೆ. ‘ಎಡಕ್ಕೆ ತಿರುಗು’ ಎಂದು ಆಕಾಶವು ಹೇಳುವುದಿಲ್ಲ. ಚಾಲಕನ ಪಕ್ಕದಲ್ಲಿರುವ ಯಂತ್ರವು ಲೆಕ್ಕಹಾಕಿ ಹೇಳುತ್ತದೆ.

ಗಾಡಿಗೆ ಸೇರದೆ ಗಾಜಿಗೆ ಅಂಟಿಸುವ ಮಾರ್ಗದರ್ಶಿಗಳು ಈ ಕಾಲದಲ್ಲಿ ಹರಡಿದುವು. ೨೦೦೪ರಲ್ಲಿ ಬಂದ ಟಾಮ್‌ಟಾಮ್ ಗೋ ಇವುಗಳಲ್ಲಿ ಹೆಸರಾದುದು. ಇವಕ್ಕೆ ತಮ್ಮದೇ ಪುಟ್ಟ ಧ್ವನಿವರ್ಧಕವಿತ್ತು. ಗಾಡಿಯ ಬಾನುಲಿಗೆ ಇವುಗಳ ಇರವೇ ತಿಳಿಯದು. ಆದುದರಿಂದ ಬಾನುಲಿಯು ಗಟ್ಟಿಯಾಗಿದ್ದರೆ ಮಾರ್ಗವಾಣಿಯು ಮುಳುಗಿಹೋಗುತ್ತಿತ್ತು. ಇದಕ್ಕೆ ಕೆಲವು ತಯಾರಕರು ಕಂಡುಹಿಡಿದ ಉಪಾಯವು ವಿನೋದಕರವಾಗಿದೆ. ಗಾರ್ಮಿನ್ ಕಂಪನಿಯ ಕೆಲವು ಯಂತ್ರಗಳಲ್ಲಿ ಅಲ್ಪಶಕ್ತಿಯ ಎಫ್.ಎಂ. ಪ್ರೇಷಕವನ್ನು ಇಟ್ಟರು. ಊರಿನ ಯಾವ ಕೇಂದ್ರವೂ ಬಳಸದ ತರಂಗವೊಂದನ್ನು ಹುಡುಕಿ, ಯಂತ್ರವನ್ನೂ ಗಾಡಿಯ ಬಾನುಲಿಯನ್ನೂ ಅದಕ್ಕೆ ಹೊಂದಿಸಿದರೆ ಮಾರ್ಗವಾಣಿಯು ಗಾಡಿಯ ದೊಡ್ಡ ಬಾಯಿಂದ ಹೊರಡುತ್ತಿತ್ತು. ಅಂದರೆ ಮಾರ್ಗವಾಣಿಯು ಮೊದಲು ಬಾನುಲಿಯ ಮನೆಯನ್ನು ಹೊಕ್ಕುದು ಬಾನುಲಿ ಕೇಂದ್ರದ ವೇಷದಲ್ಲಿ. ಒಂದೇ ಗಾಡಿಗಾಗಿ, ಒಬ್ಬನೇ ಶ್ರೋತೃವಿಗಾಗಿ ನಡೆಯುವ ಕೇಂದ್ರ. ಆದರೆ ಅದನ್ನು ಕೇಳುವಷ್ಟು ಹೊತ್ತು ನಿಜವಾದ ಕೇಂದ್ರವನ್ನು ಕೇಳುವಂತಿರಲಿಲ್ಲ. ಪರಿಹಾರವು ರೋಗಿಯೊಡನೆ ರೋಗವನ್ನು ಕಳೆದಂತಾಯಿತು.

೨೦೦೯ರ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆಯು ಮಾತನಾಡುವ ಮಾರ್ಗದರ್ಶನವನ್ನು ಫೋನಿನಲ್ಲಿ ಉಚಿತವಾಗಿ ಕೊಡುವುದಾಗಿ ಪ್ರಕಟಿಸಿತು. ಅದನ್ನು ಹೊತ್ತು ಅಮೆರಿಕದಲ್ಲಿ ಮೊದಲು ಮಾರಾಟಕ್ಕೆ ಬಂದ ಫೋನು ಮೋಟೊರೋಲಾ ಡ್ರಾಯ್ಡ್. ಮೋಟಾರಿಗೆ ಬಾನುಲಿಯನ್ನು ತಂದ ಹೆಸರೇ ಎಪ್ಪತ್ತೊಂಬತ್ತು ವರ್ಷಗಳ ಅನಂತರ ಬಾನುಲಿಯ ಪ್ರತಿಸ್ಪರ್ಧಿಯನ್ನೂ ತಂದಿತು. ನಡುವೆ, ೧೯೭೩ರಲ್ಲಿ, ಅದೇ ಸಂಸ್ಥೆಯ ಮಾರ್ಟಿನ್ ಕೂಪರ್ ಎಂಬವರು ಕೈಯಲ್ಲಿ ಹಿಡಿಯುವ ಮೊಬೈಲ್ ಫೋನಿನಿಂದ ಮೊದಲ ಕರೆಯನ್ನು ಮಾಡಿದ್ದರು. ಕಥೆಗಾರನು ಕಲ್ಪಿಸಿದ್ದರೆ ಈ ಹೊಂದಿಕೆಯನ್ನು ವಿಮರ್ಶಕರು ಅಸಹಜವೆನ್ನುತ್ತಿದ್ದರು.

ಫೋನಿನ ಧ್ವನಿಯನ್ನು ಗಾಡಿಗೆ ಒಯ್ಯುವ ತಂತಿಯಿಲ್ಲದ ಸಾಧನವು ಬ್ಲೂಟೂತ್. ಹತ್ತನೆಯ ಶತಮಾನದ ಒಬ್ಬ ಡೇನಿಷ್ ಅರಸನ ಅಡ್ಡಹೆಸರನ್ನು ಹೊತ್ತ ಈ ಪದ್ಧತಿಯಲ್ಲಿ ಪ್ರಕೃತಕ್ಕೆ ಬೇಕಾದ ಎರಡು ಕಾಲುವೆಗಳಿವೆ. ಒಂದು ಸಂಗೀತಕ್ಕೆ, ಇನ್ನೊಂದು ಸಂಭಾಷಣೆಗೆ. ಗಾಡಿಯವರು ಬಾನುಲಿಯನ್ನು ಆರಿಸಿದೊಡನೆ ಸಂಗೀತದ ಕಾಲುವೆಯು ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಫೋನಾದರೋ ತನ್ನ ಮಾತನ್ನು ಆ ಕಾಲುವೆಗೆ ಸುರಿಯುತ್ತಲೇ ಇರುತ್ತದೆ. ಆಚೆಯ ತುದಿಯಲ್ಲಿ ಕೇಳುವವರಿಲ್ಲ. ವಾರ್ತೆಯನ್ನು ಕೇಳುತ್ತ ಹೊರಟ ಚಾಲಕನು ತಿರುವನ್ನು ದಾಟಿಹೋದ ಮೇಲೆ ‘ಏಕೆ ಹೇಳಲಿಲ್ಲ’ ಎಂದು ಫೋನನ್ನು ದೂರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಫೋನು ಹೇಳಿತ್ತು, ಗಾಡಿ ಕೇಳಿರಲಿಲ್ಲ. ಫೋನಿನೊಳಗೇ ಸಂಗೀತವು ನಡೆಯುತ್ತಿದ್ದರೆ ಈ ತೊಡಕಿಲ್ಲ. ೨೦೧೦ರಿಂದಲೇ ಆಂಡ್ರಾಯ್ಡ್ ಫೋನುಗಳಲ್ಲಿ ಒಂದು ಕಾರ್ಯಕ್ರಮವು ಮತ್ತೊಂದನ್ನು ‘ಸ್ವಲ್ಪ ಹೊತ್ತು ಧ್ವನಿ ತಗ್ಗಿಸಿಕೊಂಡಿರು’ ಎಂದು ಕೇಳಿಕೊಳ್ಳುವ ಮರ್ಯಾದೆಯು ಏರ್ಪಟ್ಟಿದೆ. ಆದರೆ ಎಫ್.ಎಂ. ಬಾನುಲಿಯು ಗಾಡಿಯ ಸೊತ್ತು. ಫೋನಿನ ಆಜ್ಞೆಯು ಆ ಸೀಮೆಯಲ್ಲಿ ನಡೆಯದು.

ಆಗ ಎರಡನೆಯ ವೇಷವು ಬಂದಿತು. ಗಾಡಿಯು ಯಾವ ಸ್ಥಿತಿಯಲ್ಲಿಯೂ ತಳ್ಳಿಹಾಕದ ಅತಿಥಿಯೊಬ್ಬನುಂಟು: ದೂರವಾಣಿಯ ಕರೆ. ಕರೆ ಬಂದರೆ ಬಾನುಲಿಯು ಮರುಮಾತಿಲ್ಲದೆ ಮೌನವಾಗುತ್ತದೆ. ವೇಜ಼್ ಮೊದಲಾದ ಮಾರ್ಗದರ್ಶಕ ಕಾರ್ಯಕ್ರಮಗಳಲ್ಲಿ ಮಾರ್ಗವಾಣಿಯನ್ನು ಬ್ಲೂಟೂತ್ ಕರೆಯಂತೆ ನುಡಿಸುವ ಒಂದು ಆಯ್ಕೆಯಿದೆ. ಅದನ್ನು ಒಪ್ಪಿದರೆ, ಪ್ರತಿಯೊಂದು ತಿರುವಿಗೂ ಫೋನು ಸಂಭಾಷಣೆಯ ಕಾಲುವೆಯನ್ನು ತೆರೆಯುತ್ತದೆ. ಗಾಡಿಯು ಯಾರೋ ಕರೆದರೆಂದು ನಂಬಿ ವಾರ್ತೆಯನ್ನು ನಿಲ್ಲಿಸುತ್ತದೆ. ‘ಬಲಕ್ಕೆ ತಿರುಗಿ’ ಎಂದು ಹೇಳಿ ಕರೆಯು ಮುಗಿಯುತ್ತದೆ. ಯಾರೂ ಕರೆಯಲಿಲ್ಲ, ಯಾರೂ ಉತ್ತರಿಸಲಿಲ್ಲ. ಆದರೂ ಬಾನುಲಿಯೊಡನೆ ಮಾರ್ಗವಾಣಿಯನ್ನು ಕೇಳಬಯಸುವ ಹಳೆಯ ಗಾಡಿಗಳ ಒಡೆಯರಿಗೆ ಇದೇ ಬಹುಕಾಲದ ಆಶ್ರಯ.

ಈ ವೇಷಕ್ಕೆ ತೆರಬೇಕಾದ ಬೆಲೆಯೂ ಉಂಟು. ಹಳೆಯ ಸಂಭಾಷಣೆಯ ಕಾಲುವೆಯಲ್ಲಿ ದೂರವಾಣಿಯಂತೆಯೇ ಸುಮಾರು ೩೪೦೦ ಹರ್ಟ್ಸಿನ ಮೇಲಣ ಧ್ವನಿಯು ಹಾಯದಾದುದರಿಂದ ಸಕಾರ ಶಕಾರಗಳ ಅಂತರವು ಮಸುಳುತ್ತದೆ. ಅಲ್ಲದೆ, ಕಾಲುವೆಯು ತೆರೆಯಲು ಒಂದಿಷ್ಟು ಹೊತ್ತು ಹಿಡಿಯುವುದರಿಂದ ಮಾತಿನ ಮೊದಲ ಅಕ್ಷರಗಳು ಸೋರಿಹೋಗುವುದುಂಟು. ಇದರಿಂದ ಇಂಗ್ಲೀಷಿಗಿಂತ ಕನ್ನಡಕ್ಕೆ ಹೆಚ್ಚಿನ ಹಾನಿ. ಇಂಗ್ಲೀಷಿನಲ್ಲಿ ‘ತಿರುಗು’ ಎಂಬ ಕ್ರಿಯಾಪದವು ಮೊದಲು ಬಂದು ದಿಕ್ಕು ಆಮೇಲೆ ಬರುತ್ತದೆ; ಕನ್ನಡದಲ್ಲಿ ದಿಕ್ಕೇ ಮೊದಲು, ಕ್ರಿಯೆಯು ಕಡೆಗೆ. ‘ಎಡಕ್ಕೆ’, ‘ಬಲಕ್ಕೆ’ ಎಂಬ ಎರಡು ಪದಗಳಿಗೂ ಭೇದವಿರುವುದು ಮೊದಲೆರಡು ಅಕ್ಷರಗಳಲ್ಲಿ ಮಾತ್ರ. ಆ ಎರಡು ಸೋರಿದರೆ ಉಳಿಯುವುದು ಚತುರ್ಥೀ ವಿಭಕ್ತಿಯ ಪ್ರತ್ಯಯವೊಂದೇ. ವ್ಯಾಕರಣವು ಪ್ರಾಣಾಪಾಯಕ್ಕೆ ಸಂಬಂಧಿಸುವ ಸಂದರ್ಭಗಳು ವಿರಳ, ಅವುಗಳಲ್ಲಿ ಇದೊಂದು. ದೂರವನ್ನು ಮೊದಲು ಹೇಳಿ ಆಮೇಲೆ ದಿಕ್ಕನ್ನು ಹೇಳುವ ವಾಕ್ಯಗಳು ಮಾತ್ರ ಈ ದೋಷದಿಂದ ಪಾರಾಗುತ್ತವೆ.

ಮೂರನೆಯ ಘಟ್ಟದಲ್ಲಿ ಮಾರ್ಗವಾಣಿಯು ವೇಷವನ್ನು ಕಳಚಿ ತನ್ನ ಹೆಸರಿನಲ್ಲಿಯೇ ಪ್ರವೇಶಿಸಿತು. ಆಪಲ್ ಸಂಸ್ಥೆಯ ಕಾರ್‌ಪ್ಲೇ ೨೦೧೪ರಲ್ಲಿಯೂ ಗೂಗಲ್ಲಿನ ಆಂಡ್ರಾಯ್ಡ್ ಆಟೋ ೨೦೧೫ರಲ್ಲಿಯೂ ಬಂದುವು. ಇವುಗಳಲ್ಲಿ ಸಂಗೀತಕ್ಕೆ ಒಂದು, ಮಾರ್ಗದರ್ಶನಕ್ಕೆ ಮತ್ತೊಂದು ಎಂದು ಧ್ವನಿಯ ದಾರಿಗಳನ್ನು ಬೇರ್ಪಡಿಸಿದ್ದಾರೆ. ಮಾರ್ಗವಾಣಿಯು ಬಂದಾಗ ಗಾಡಿಯೇ ತನ್ನ ಬಾನುಲಿಯ ಧ್ವನಿಯನ್ನು ತಗ್ಗಿಸಿ ಅದರ ಮೇಲೆ ಈ ಮಾತನ್ನು ಕೂಡಿಸಿ ಹೊರಡಿಸಬಲ್ಲದು. ಧ್ವನಿಯ ಗುಂಡಿಯನ್ನು ಮಾರ್ಗವಾಣಿಯು ಮಾತನಾಡುತ್ತಿರುವಾಗ ತಿರುಗಿಸಿದರೆ ಅದರ ಧ್ವನಿಯೂ, ಇಲ್ಲದಾಗ ತಿರುಗಿಸಿದರೆ ಬಾನುಲಿಯ ಧ್ವನಿಯೂ ಬದಲಾಗುವುದು ಅನೇಕ ಗಾಡಿಗಳಲ್ಲಿನ ಕ್ರಮ. ಈ ಮರ್ಮವನ್ನು ತಿಳಿಯದೆ, ಮಾತು ಮುಗಿದ ಮೇಲೆ ಗುಂಡಿಯನ್ನು ತಿರುಗಿಸಿ ಬಾನುಲಿಯನ್ನು ಅರಚಿಸುವವರೇ ಹೆಚ್ಚು.

ಧ್ವನಿ ತಗ್ಗಿಸುವುದು ನಿಲ್ಲಿಸುವುದಕ್ಕಿಂತ ಸೌಮ್ಯವೆಂದು ತಯಾರಕರ ಮತ. ಸಂಗೀತದ ವಿಷಯದಲ್ಲಿ ಇದು ದಿಟ; ರಾಗದ ಎಳೆಯು ಮಾತಿನ ಕೆಳಗೆ ಹರಿದು ಮತ್ತೆ ಮೇಲೇಳುತ್ತದೆ. ಆದರೆ ಮಾತಿನ ಕೆಳಗೆ ಮಾತು ಹರಿಯದು. ವಾರ್ತೆಯನ್ನು ಓದುವವರ ವಾಕ್ಯದ ಮೇಲೆ ತಿರುವಿನ ವಾಕ್ಯವು ಬಿದ್ದರೆ ವಾರ್ತೆಯ ವಾಕ್ಯವು ಹೋಯಿತು. ಫೋನಿನಲ್ಲಿರುವ ಭಾಷಣವನ್ನಾದರೆ ಯಂತ್ರವು ತಡೆದು ಮತ್ತೆ ಅಲ್ಲಿಂದಲೇ ಮುಂದುವರಿಸುತ್ತದೆ, ಏಕೆಂದರೆ ಅದು ಸಂಗ್ರಹಿಸಿಟ್ಟ ಮಾತು. ಬಾನುಲಿಯು ಯಾರಿಗಾಗಿಯೂ ಕಾಯುವುದಿಲ್ಲ. ೧೯೭೪ರಲ್ಲಿ ಸಾರ್ವಜನಿಕ ಸಮಾಚಾರಕ್ಕಾಗಿ ಖಾಸಗಿ ಕ್ಯಾಸೆಟ್ ನಿಲ್ಲುತ್ತಿತ್ತು, ಮತ್ತು ಅದು ಬಿಟ್ಟ ಕಡೆಯಿಂದ ಮುಂದುವರಿಯುತ್ತಿದ್ದುದರಿಂದ ಕೇಳುಗನಿಗೆ ನಷ್ಟವೇನೂ ಇರಲಿಲ್ಲ. ಈಗ ಖಾಸಗಿ ಸೂಚನೆಗಾಗಿ ಸಾರ್ವಜನಿಕ ಮಾತು ತಗ್ಗುತ್ತದೆ, ನಷ್ಟವಾದುದು ಹಿಂದಿರುಗದು. ನಗರದ ರಸ್ತೆಯಲ್ಲಿ ತಿರುವುಗಳು ಮೇಲಿಂದ ಮೇಲೆ ಬರುವುದರಿಂದ ಹತ್ತು ನಿಮಿಷದ ವಾರ್ತೆಯು ಚೂರುಚೂರಾಗಿ ಕಿವಿಗೆ ಬೀಳುತ್ತದೆ.

ಇದಕ್ಕೆ ಪ್ರತಿವಾದವಿಲ್ಲದಿಲ್ಲ. ಕೇಂದ್ರದಲ್ಲಿ ಕುಳಿತ ವಾಚಕನು ಇಡೀ ಪ್ರಾಂತಕ್ಕೆ ಹೇಳುವ ಮಾತಿನಲ್ಲಿ ಬಹುಪಾಲು ಒಬ್ಬ ಚಾಲಕನಿಗೆ ನಿರರ್ಥಕವಾದುದು. ಮಾರ್ಗದರ್ಶಕ ಕಾರ್ಯಕ್ರಮಗಳಾದರೋ ರಸ್ತೆಯಲ್ಲಿರುವ ಅಸಂಖ್ಯಾತ ಫೋನುಗಳ ವೇಗವನ್ನು ಲೆಕ್ಕಿಸಿ ದಟ್ಟಣೆಯನ್ನು ಕ್ಷಣಕ್ಷಣಕ್ಕೂ ಅರಿಯುತ್ತವೆ. ಯಾವ ಪ್ರಸಾರಕೇಂದ್ರವೂ ಇಷ್ಟು ಸೂಕ್ಷ್ಮವಾಗಿ ಅರಿಯಲಾರದು. ಇದನ್ನು 
ಒಪ್ಪತಕ್ಕದ್ದೇ. ಆದರೆ ದಟ್ಟಣೆಯನ್ನು ಅರಿಯುವುದು ಬೇರೆ, ಅಪಾಯವನ್ನು ಅರಿಯುವುದು ಬೇರೆ. ೨೦೨೪ರ ನವೆಂಬರಿನಲ್ಲಿ ಉತ್ತರಪ್ರದೇಶದ ಬರೇಲಿಯ ಸಮೀಪದಲ್ಲಿ, ಪ್ರವಾಹದಿಂದ ಭಾಗಶಃ ಕೊಚ್ಚಿಹೋಗಿದ್ದ ಸೇತುವೆಯಿಂದ ರಾಮಗಂಗಾ ನದಿಗೆ ಕಾರೊಂದು ಬಿದ್ದು ಮೂವರು ಮೃತರಾದರು. ಅವರು ಫೋನಿನ ಮಾರ್ಗದರ್ಶನವನ್ನು ಅನುಸರಿಸಿದ್ದರೆಂದು ವರದಿಯಾಯಿತು. ದಾರಿಗೆ ತಡೆಯಿಡದವರ ಹೊಣೆಯು ಅಲ್ಲಿ ಮೊದಲನೆಯದು. ಆದರೂ ಯಾರೂ ಹೋಗದ ದಾರಿಯ ವಿಷಯದಲ್ಲಿ ಫೋನುಗಳ ವೇಗದ ಲೆಕ್ಕವು ಏನನ್ನೂ ಹೇಳಲಾರದು. ಅದನ್ನು ಬಲ್ಲ ಒಬ್ಬ ಮನುಷ್ಯನು ಎಲ್ಲರಿಗೂ ಕೇಳುವಂತೆ ಹೇಳಬೇಕು.

ಈ ಭಾವನೆಯೇ ಅಮೆರಿಕದಲ್ಲಿ ಒಂದು ಶಾಸನಪ್ರಯತ್ನಕ್ಕೆ ಕಾರಣವಾಯಿತು. ವಿದ್ಯುತ್ತಿನಿಂದ ಓಡುವ ಗಾಡಿಗಳ ಯಂತ್ರಭಾಗಗಳು ಎ.ಎಂ. ಪ್ರಸಾರಕ್ಕೆ ತೊಡಕುಂಟುಮಾಡುವುವೆಂಬ ಕಾರಣದಿಂದ ಕೆಲವು ತಯಾರಕರು ಆ ಬಾನುಲಿಯನ್ನೇ ಕೈಬಿಡತೊಡಗಲು, ಪ್ರತಿಯೊಂದು ಹೊಸ ಗಾಡಿಯಲ್ಲಿಯೂ ಅದಿರಬೇಕೆಂಬ ಮಸೂದೆಯನ್ನು ೨೦೨೩ರಲ್ಲಿ ಅಲ್ಲಿನ ಕಾಂಗ್ರೆಸ್ಸಿನಲ್ಲಿ ಮಂಡಿಸಲಾಯಿತು. ವಿಪತ್ತಿನ ಕಾಲದಲ್ಲಿ ಮೊಬೈಲ್ ಜಾಲವು ಕುಸಿದರೂ ಬಾನುಲಿಯು ದೂರದವರೆಗೆ ತಲಪುವುದೆಂಬುದು ಅದರ ಸಮರ್ಥನೆ. ೧೯೩೦ರ ದಶಕದಲ್ಲಿ ಬಾನುಲಿಯನ್ನು ಗಾಡಿಯಿಂದ ತೆಗೆಯಿಸಬೇಕೆಂಬ ಸೂಚನೆಗಳು ಬಂದ ನಾಡಿನಲ್ಲಿಯೇ ತೊಂಬತ್ತು ವರ್ಷಗಳ ಅನಂತರ ಅದನ್ನು ಕಡ್ಡಾಯವಾಗಿ ಇಡಿಸಬೇಕೆಂಬ ಪ್ರಯತ್ನವು ನಡೆಯಿತು.

ಕನ್ನಡನಾಡಿಗೆ ಈ ಚರಿತ್ರೆಯು ತಡವಾಗಿ ಬಂದರೂ ವೇಗವಾಗಿ ಬಂದಿತು. ೨೦೦೧ರ ಜುಲೈ ತಿಂಗಳಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರವು ಬೆಂಗಳೂರಿನಲ್ಲಿಯೇ ಆರಂಭವಾಯಿತು. ಕಚೇರಿಗೆ ಹೋಗಿಬರುವ ಹೊತ್ತಿನ ದಟ್ಟಣೆಯಲ್ಲಿ ಸಿಕ್ಕಿದವರೇ ಇಂಥ ಕೇಂದ್ರಗಳ ಮುಖ್ಯ ಶ್ರೋತೃಗಳಾದುದರಿಂದ, ಯಾವ ವೃತ್ತದಲ್ಲಿ ವಾಹನಗಳು ನಿಂತಿವೆಯೆಂಬ ಸುದ್ದಿಯೂ ಹಾಡುಗಳ ನಡುವೆ ಬರತೊಡಗಿತು. ೨೦೧೮ರಲ್ಲಿ ಗೂಗಲ್ ನಕ್ಷೆಯ ಮಾರ್ಗವಾಣಿಯು ಕನ್ನಡವೂ ಸೇರಿ ಆರು ಭಾರತೀಯ ಭಾಷೆಗಳಲ್ಲಿ ಹೊಸದಾಗಿ ದೊರೆಯಿತು. ೨೦೨೧ರಲ್ಲಿ ಸ್ಥಳಗಳ ಹೆಸರುಗಳನ್ನು ರೋಮನ್ ಲಿಪಿಯಿಂದ ಭಾರತೀಯ ಲಿಪಿಗಳಿಗೆ ಯಂತ್ರವೇ ತಿರುಗಿಸುವ ಏರ್ಪಾಡೂ ಬಂದಿತು. ರೋಮನ್ ಬರವಣಿಗೆಯಲ್ಲಿ ಸಾಮಾನ್ಯವಾಗಿ ನಕಾರ ಣಕಾರಗಳಿಗೂ ಲಕಾರ ಳಕಾರಗಳಿಗೂ ಹ್ರಸ್ವದೀರ್ಘಗಳಿಗೂ ಭೇದವಿಲ್ಲದುದರಿಂದ ಅಲ್ಲಿಂದ ಹಿಂದಿರುಗಿದ ಊರ ಹೆಸರುಗಳು ಗುರುತು ಸಿಕ್ಕದಂತೆ ಸೊರಗುವುದು ಸಹಜ. ಬಾನುಲಿಯ ವಾಚಕರು ‘ಬೆಳ್ಳಂದೂರು’ ಎಂದು ಸ್ಫುಟವಾಗಿ ಉಚ್ಚರಿಸುತ್ತಿರುವಾಗ ಅದೇ ಧ್ವನಿವರ್ಧಕದಿಂದ ಮತ್ತೊಂದು ವಾಣಿಯು ಅದೇ ಊರನ್ನು ಳಕಾರವಿಲ್ಲದೆ ಹೇಳಿದರೆ, ನಾಳೆಯ ಮಕ್ಕಳು ಯಾವುದನ್ನು ಕಲಿಯುವರು ಎಂಬುದು ಭಾಷಾಧ್ಯಾಪಕರು ವಿಚಾರಿಸತಕ್ಕ ಪ್ರಶ್ನೆ.

ಕಾನೂನು ಸಹ ಮಾರ್ಗವಾಣಿಯ ಪಕ್ಷವನ್ನು ವಹಿಸಿದೆ. ೨೦೨೦ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯ ಪ್ರಕಾರ, ಗಾಡಿ ನಡೆಸುವಾಗ ಕೈಫೋನನ್ನು ದಾರಿ ತಿಳಿಯುವುದಕ್ಕಾಗಿ ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದಂತೆ, ಬಳಸಬಹುದು. ಆ ಏಕಾಗ್ರತೆಯಲ್ಲಿ ಬಾನುಲಿಗೆ ಎಷ್ಟು ಪಾಲೆಂಬುದನ್ನು ನಿಯಮವು ಹೇಳುವುದಿಲ್ಲ. ೨೦೨೩ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು, ವಿಪತ್ತಿನ ಸಮಯದ ಉಪಯೋಗವನ್ನು ಮುಂದಿಟ್ಟು, ಫೋನುಗಳಲ್ಲಿರುವ ಎಫ್.ಎಂ. ಗ್ರಾಹಕವನ್ನು ನಿಷ್ಕ್ರಿಯಗೊಳಿಸದೆ ಬಳಕೆಗೆ ಬಿಡಬೇಕೆಂದು ತಯಾರಕರಿಗೆ ಸಲಹೆಯಿತ್ತಿತು. ಹಾಗಾದರೆ ಆಕಾಶವಾಣಿಯೂ ಮಾರ್ಗವಾಣಿಯೂ ಒಂದೇ ಯಂತ್ರದ ಒಡಲಿನಲ್ಲಿ ವಾಸಿಸಬಹುದು. ಗಾಡಿಯ ಮಧ್ಯಸ್ಥಿಕೆಯೂ ಬೇಡ, ಕರೆಯ ವೇಷವೂ ಬೇಡ. ಆದರೆ ಫೋನಿನ ಎಫ್.ಎಂ. ಗ್ರಾಹಕಕ್ಕೆ ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನಿನ ತಂತಿಯೇ ಆಂಟೆನಾ. ಇತ್ತೀಚಿನ ಅನೇಕ ಫೋನುಗಳಲ್ಲಿ ಆ ತಂತಿಯನ್ನು ತೂರಿಸುವ ರಂಧ್ರವನ್ನೇ ತೆಗೆದುಹಾಕಿದ್ದಾರೆ.